ಸುಟ್ಟ ಎಣ್ಣೆಯನ್ನು ಯಾರಿಗೆ ಮಾರುವುದು? ಕಾಂಟ್, ಬೆಂಥಮ್ ಓದಿದವರು ಸ್ವಲ್ಪ ಹೇಳಿ

ಗಲ್ಲಾದ_ಅಳಿಯ, ಭಾಂಡುಪ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಾನು ಮುಂಬೈಯ ಭಾಂಡುಪ್‌ನಲ್ಲಿ ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರುವವ. ಸಂಜೆ ಎಂ.ಕಾಂ. ಕ್ಲಾಸ್. ಈ ಸೆಮಿಸ್ಟರಿನಲ್ಲಿ ವ್ಯಾಪಾರದ ನೀತಿಶಾಸ್ತ್ರ ಅಂತ ಒಂದು ಪೇಪರ್ ಉಂಟು. ಕಾಂಟ್, ಬೆಂಥಮ್, ಅರಿಸ್ಟಾಟಲ್ ಎಂಬ ತತ್ವಜ್ಞಾನಿಗಳೆಲ್ಲ ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠ ಆಗಿದೆ. ಆದರೆ ಗಲ್ಲೆಯಲ್ಲಿ ಬಂದು ಕೂತರೆ ಮೂವರೂ ಮೂರು ದಿಕ್ಕಿಗೆ ಎಳೆಯುತ್ತಾರೆ.

ವಿಷಯ ಇದು. ನಮ್ಮಲ್ಲಿ ಬಟಾಟೆವಡೆ, ಮೆದುವಡೆ, ಪೂರಿ, ಸಂಜೆಗೆ ಬಜೆ. ವಾರಕ್ಕೆ ನಾಲ್ಕು ಡಬ್ಬ ಸುಟ್ಟ ಎಣ್ಣೆ ಉಳಿಯುತ್ತದೆ, ಡಬ್ಬಕ್ಕೆ 15 ಕಿಲೋ. ಮೊದಲು ಬಯೋಡೀಸೆಲ್ ಮಾಡುವವರ ಕಡೆಯಿಂದ ಜನ ಬಂದು, ತೂಗಿ, ಚೀಟಿ ಕೊಟ್ಟು ಒಯ್ಯುತ್ತಿದ್ದರು. ಕಳೆದ ಗಣಪತಿ ಹಬ್ಬ ಮುಗಿದ ಮೇಲೆ ಬೇರೆ ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ. ಕಿಲೋಗೆ 15 ರೂಪಾಯಿ ಜಾಸ್ತಿ ಕೊಡುತ್ತಾನೆ, ಕೈಯಲ್ಲೇ ಕ್ಯಾಶ್. ಚೀಟಿ ಇಲ್ಲ. ಸಾಬೂನು ಮಾಡುವವರಿಗೆ ಕೊಡುತ್ತೇನೆ ಅಂತ ಹೇಳಿದ್ದಾನೆ.

ನನಗೆ ಅನುಮಾನ ಬಂದದ್ದು ಅವ ಎಣ್ಣೆ ನೋಡುವ ರೀತಿಯಿಂದ. ಡಬ್ಬದ ಮುಚ್ಚಳಕ್ಕೆ ಸ್ವಲ್ಪ ಹೊಯ್ದು, ಹಿತ್ತಿಲ ಬಾಗಿಲಿನ ಬೆಳಕಿಗೆ ಹಿಡಿದು ಓರೆ ಮಾಡುತ್ತಾನೆ. ಟಾರಿನ ಹಾಗೆ ಕಪ್ಪಾದದ್ದನ್ನು ಮುಟ್ಟುವುದಿಲ್ಲ. ಕೆಂಪು ಇರುವುದನ್ನು ಮಾತ್ರ ತೆಗೆದುಕೊಳ್ಳುವುದು. ಬಟ್ಟೆಯಲ್ಲಿ ಸೋಸಿ ಇಡಿ, ಅಡಿಯಲ್ಲಿ ಹಿಟ್ಟಿನ ಚೂರು ಇರಬಾರದು ಅಂತ ಭಟ್ರಿಗೆ ತಾಕೀತು ಬೇರೆ. ಸಾಬೂನು ಮಾಡುವವನಿಗೆ ಬಣ್ಣ ಎಂತಕ್ಕೆ ಮಾರ್ರೆ? ರಸ್ತೆಬದಿಯ ವಡಾಪಾವ್ ಗಾಡಿಗಳ ಬಾಣಲೆಗೆ ಹೋಗುತ್ತದೋ ಅಂತ ನನ್ನ ಅನುಮಾನ.

ಮಾವನಿಗೆ ಹೇಳಿದೆ. "ನಮ್ಮ ಬಾಗಿಲು ದಾಟಿದ ಮೇಲೆ ಅದು ನಮ್ಮದಲ್ಲ" ಅಂದರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹೋಟೆಲಿನ ಬಾಣಲೆಗೆ ಹಳೆ ಎಣ್ಣೆ ವಾಪಸ್ ಹಾಕಲು ಅವರು ಯಾವತ್ತೂ ಬಿಟ್ಟದ್ದಿಲ್ಲ.

ಈಗ ಹೇಳಿ, ಯಾವ ಸಿದ್ಧಾಂತ ಹಿಡಿದರೆ ಇದು ಬಗೆಹರಿಯುತ್ತದೆ?


ಥಾಣೆ_ಲೆಕ್ಕಿಗ

ಸಿದ್ಧಾಂತಕ್ಕೆ ಮೊದಲು ಕಾನೂನು ನೋಡೋಣ, ಅದು ಸುಲಭ. ಕರಿಯುವ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಪದೇ ಪದೇ ಕಾಯಿಸಿ ಎಣ್ಣೆ ಕೆಟ್ಟಾಗ ಹುಟ್ಟೋವು) ಒಟ್ಟು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸೋ ಹಾಗಿಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ, 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದೇ ವರ್ಷ ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸೋ ‘ರೂಕೋ’ ಯೋಜನೆ ಬಂತು. ಕರಿಯೋದಕ್ಕೆ ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸೋರು ಎಷ್ಟು ಬಂತು, ಎಷ್ಟು ಹೋಯ್ತು, ಯಾರಿಗೆ ಕೊಟ್ರು ಅಂತ 2019ರ ಮಾರ್ಚ್‌ನಿಂದ ಲೆಕ್ಕ ಇಡಬೇಕು.

ನಿಮ್ಮ ಮಾವನ ಹೋಟೆಲ್ ಅಷ್ಟು ದೊಡ್ಡದಲ್ಲ ಅನ್ಸುತ್ತೆ. ಹಾಗಾದ್ರೆ ಆ ಪುಸ್ತಕದ ಕಟ್ಟುಪಾಡು ನಿಮಗಿಲ್ಲ. ಅಂದ್ರೆ ಇನ್‌ಸ್ಪೆಕ್ಟರ್ ಬಂದು ಕೇಳೋ ಪ್ರಶ್ನೆ ಅಲ್ಲ ಇದು. ಕೇಳಬೇಕಾದೋರು ನೀವೇ.


ಗೋಳಗುಮ್ಮಟ_ಪುಣೆ

ತಮ್ಮಾ, ಈ ಕಾಂಟ್ ಪೀಂಟ್ ಎಲ್ಲಾ ಪರೀಕ್ಷಾದಾಗ ಬರೀಲಿಕ್ಕೆ ಛಲೋ. ಅಂಗಡಿ ಬಾಡಗಿ ಕಟ್ಟೂದು ಬ್ಯಾರೆ. ಹೋಟೆಲಿನವರಿಗೆ 5 ಪರ್ಸೆಂಟ್ ಜಿಎಸ್‌ಟಿ, ಇನ್‌ಪುಟ್ ಕ್ರೆಡಿಟ್ (ಸಾಮಾನಿಗೆ ಕಟ್ಟಿದ ಟ್ಯಾಕ್ಸ್ ವಾಪಸ್) ಸಿಗಂಗಿಲ್ಲ. ಗ್ಯಾಸ್ ದರ ಯಾವಾಗ ಏರ್ತದ ಹೇಳಾಕ ಬರಂಗಿಲ್ಲ. ಅದರಾಗ ಕಸದಿಂದ ನಾಕು ರೂಪಾಯಿ ಬಂದ್ರ ಅದಕ್ಕೂ ಪಂಚಾಯ್ತಿ ಏನ್ರೀ?

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಾಗ ನ್ಯೂಯಾರ್ಕ್ ಟೈಮ್ಸ್ ಮ್ಯಾಗಝಿನ್‌ದಾಗ ಬರದು ಮುಗಿಸ್ಯಾನ: ವ್ಯಾಪಾರದ ಸಾಮಾಜಿಕ ಹೊಣೆ ಅಂದ್ರ ಲಾಭ ಹೆಚ್ಚು ಮಾಡೂದು. ನಾನೂ ಎಂಬಿಎ ಓದೀನಿ, ಎಲ್ಲಾ ಗೊತ್ತದ. ಮಾರಿದ ಮ್ಯಾಲ ತಗೊಂಡಾಂವ ಏನು ಮಾಡ್ತಾನ ಅನ್ನೂದು ಅವನ ಕರ್ಮ. ನಾನು ಹಾರ್ಡ್‌ವೇರ್ ಅಂಗಡ್ಯಾಗ ಹಗ್ಗ ಮಾರ್ತೀನಿ, ಯಾರ್ಯಾರು ಯಾತಕ್ಕ ಒಯ್ತಾರ ಅಂತ ಕೇಳ್ಕೋತ ಕೂಡ್ಲೇನು?


ಕಲೀನಾ_ಕನ್ನಡತಿ

ಗೋಳಗುಮ್ಮಟ ಅಣ್ಣಾ, ಫ್ರೀಡ್‌ಮನ್ ಅವರನ್ನು ಅರ್ಧಕ್ಕೇ ನಿಲ್ಲಿಸಿದಿರಿ. ಆಟದ ನಿಯಮಗಳೊಳಗೆ ಇದ್ದುಕೊಂಡು, ಮೋಸ ವಂಚನೆ ಇಲ್ಲದೆ ಲಾಭ ಮಾಡಬೇಕು ಎನ್ನುವ ಷರತ್ತು ಆ ವಾಕ್ಯಕ್ಕೇ ಅಂಟಿಕೊಂಡಿದೆ. ಇನ್ನೊಂದು, ಅವರ ತಕರಾರು ಇದ್ದದ್ದು ಕಂಪನಿಯ ಮ್ಯಾನೇಜರುಗಳ ಮೇಲೆ. ಷೇರುದಾರರ ದುಡ್ಡಿನಲ್ಲಿ ಪುಣ್ಯ ಕಟ್ಟಿಕೊಳ್ಳಬೇಡಿ ಅಂತ. ಸ್ವಂತ ವ್ಯಾಪಾರ ಇದ್ದವನು ಲಾಭ ಬಿಟ್ಟುಕೊಟ್ಟರೆ ಅವನು ಖರ್ಚು ಮಾಡುವುದು ತನ್ನದೇ ದುಡ್ಡನ್ನು ಎಂದು ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದಾರೆ. ಅಳಿಯನ ಮಾವ ಸ್ವಂತ ವ್ಯಾಪಾರದವರು. ಫ್ರೀಡ್‌ಮನ್ ಅವರ ಕಡೆ ಸಾಕ್ಷಿ ಹೇಳಲು ಬರುವುದಿಲ್ಲ.

ಹಗ್ಗದ ಮಾತು. ಹಗ್ಗ ಕೊಳ್ಳುವವನು ನಿಮ್ಮ ಅಂಗಡಿಯಲ್ಲಿ ನಿಂತು "ಒಬ್ಬ ಮನುಷ್ಯನ ಭಾರ ತಡೆಯುತ್ತದಾ" ಅಂತ ಕೇಳಿದರೆ ನೀವೂ ಒಂದು ಗಳಿಗೆ ಅವನ ಮುಖ ನೋಡುತ್ತೀರಿ. ಬಣ್ಣ ನೋಡಿ ಎಣ್ಣೆ ಆರಿಸುವವನು ಕೇಳದೆಯೇ ಅಂಥದ್ದೊಂದು ಪ್ರಶ್ನೆ ಕೇಳಿದ್ದಾನೆ.

ಕಾಂಟ್ 1785ರ ಪುಸ್ತಕದಲ್ಲಿ ಅಂಗಡಿಯವನೊಬ್ಬನ ಉದಾಹರಣೆ ಕೊಡುತ್ತಾನೆ. ಗೊತ್ತಿಲ್ಲದ ಗಿರಾಕಿಗೂ ಅವನು ಹೆಚ್ಚು ದರ ಹೇಳುವುದಿಲ್ಲ, ಮಗು ಬಂದರೂ ಅದೇ ದರ. ಒಳ್ಳೆಯದೇ. ಆದರೆ ಅಂಗಡಿಯ ಹೆಸರು ಉಳಿಸಿಕೊಳ್ಳಲು ಹಾಗೆ ಮಾಡುತ್ತಾನೋ, ಮಾಡಬೇಕಾದದ್ದು ಎಂದು ಮಾಡುತ್ತಾನೋ? ಕಾಂಟ್‌ಗೆ ಆ ವ್ಯತ್ಯಾಸವೇ ಮುಖ್ಯ. ಮಾವ ತಮ್ಮ ಬಾಣಲೆಗೆ ಹಳೆ ಎಣ್ಣೆ ಹಾಕುವುದಿಲ್ಲ, ಸರಿ. ನಮ್ಮ ಗಿರಾಕಿ ಕೆಮ್ಮಿದರೆ ನಮ್ಮ ಬೋರ್ಡಿಗೆ ಕೆಟ್ಟ ಹೆಸರು. ಗಾಡಿಯ ವಡಾಪಾವ್ ತಿಂದು ಕೆಮ್ಮುವವನ ಬಾಯಲ್ಲಿ ನಮ್ಮ ಬೋರ್ಡಿನ ಹೆಸರು ಬರುವುದಿಲ್ಲ. ಅಲ್ಲಿಗೆ ನಿಂತುಹೋಗುವ ಪ್ರಾಮಾಣಿಕತೆ ಯಾವ ಬಗೆಯದು ಅಂತ ಕಾಂಟ್ ಕೇಳುತ್ತಾನೆ.


ಗಲ್ಲಾದ_ಅಳಿಯ, ಭಾಂಡುಪ್

ಅಕ್ಕ, ಇದನ್ನು ಮಾವನಿಗೆ ಓದಿ ಹೇಳಿದರೆ ನನ್ನ ರಾತ್ರಿ ಊಟ ಬಂದ್.

ಒಂದು ವಿಷಯ ಬಿಟ್ಟುಹೋಯಿತು, ಅದು ಗೊತ್ತಾಗದೆ ನೀವು ತೀರ್ಪು ಕೊಡಬೇಡಿ. ಎಣ್ಣೆಯ ದುಡ್ಡು ಗಲ್ಲೆಗೆ ಬರುವುದಿಲ್ಲ. ಮಾವ ಮೊದಲಿನಿಂದಲೂ ಅದನ್ನು ಅಡುಗೆಮನೆಯ ಹುಡುಗರಿಗೆ ಬಿಟ್ಟಿದ್ದಾರೆ. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಇಡುವುದು, ತಿಂಗಳ ಕೊನೆಗೆ ಆರು ಜನ ಹಂಚಿಕೊಳ್ಳುವುದು. ಒಬ್ಬ ಊರಲ್ಲಿ ತಂಗಿಯ ನರ್ಸಿಂಗ್ ಫೀಸ್ ಕಟ್ಟುತ್ತಾನೆ. ಸ್ಕೂಟರಿನವನನ್ನು ಹುಡುಕಿ ತಂದದ್ದೂ ಅವರೇ. ನಾನು ಬೇಡ ಅಂದರೆ ಕಳೆದುಕೊಳ್ಳುವುದು ಮಾವನೂ ಅಲ್ಲ, ನಾನೂ ಅಲ್ಲ.


ಗೋಳಗುಮ್ಮಟ_ಪುಣೆ

ನೋಡ್ರಿ ಮತ್ತ! ಬಡವರ ಹೊಟ್ಟಿ ಮ್ಯಾಲ ಕಾಲಿಡೂದು ಯಾವ ನೀತಿ?


ಅಂಧೇರಿ_ಪರದೇಶಿ

ಇದೇ ಉಪಯುಕ್ತತಾವಾದದ, ಅಂದ್ರೆ ಹೆಚ್ಚು ಜನಕ್ಕೆ ಹೆಚ್ಚು ಸುಖ ಆಗೋದೇ ಸರಿ ಅನ್ನೋ ಬೆಂಥಮ್ ವಾದದ ಸಮಸ್ಯೆ. ಲೆಕ್ಕ ಹಾಕ್ತಾ ಹೋದ್ರೆ ಯಾವುದನ್ನ ಬೇಕಾದ್ರೂ ಸರಿ ಅಂತ ತೋರಿಸಬಹುದು. ಫೋರ್ಡ್ ಕಂಪನಿಯವರು ಹಿಂದಿನಿಂದ ಗುದ್ದಿದ್ರೆ ಬೆಂಕಿ ಹಿಡೀತಿದ್ದ ಪಿಂಟೋ ಕಾರಿನ ಟ್ಯಾಂಕ್ ಸರಿ ಮಾಡೋಕೆ ಕಾರಿಗೆ 11 ಡಾಲರ್ ಖರ್ಚು ಮಾಡೋದಕ್ಕಿಂತ ಸತ್ತವರಿಗೆ ತಲಾ 2 ಲಕ್ಷ ಡಾಲರ್ ಕೊಡೋದು ಲಾಭ ಅಂತ ಲೆಕ್ಕ ಹಾಕಿದ್ರಲ್ಲ. ಎಲ್ಲ ಬ್ಯುಸಿನೆಸ್ ಎಥಿಕ್ಸ್ ಪುಸ್ತಕದಲ್ಲೂ ಇದೆ.


ಥಾಣೆ_ಲೆಕ್ಕಿಗ

ಪುಸ್ತಕದಲ್ಲಿದೆ, ಆದ್ರೆ ಪುಸ್ತಕಗಳು ಅದನ್ನ ಸ್ವಲ್ಪ ಬೆಳೆಸಿವೆ. ಆ ಲೆಕ್ಕ ಇರೋ ಕಂಪನಿಯ 1973ರ ಟಿಪ್ಪಣಿ ಬರೆದದ್ದು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಗೆ ಕೊಡೋಕೆ, ಗಾಡಿ ಪಲ್ಟಿ ಆದಾಗ ಇಂಧನ ಸೋರೋದರ ಬಗ್ಗೆ. ಪಿಂಟೋಗೆ ಹಿಂದಿನಿಂದ ಗುದ್ದೋದರ ಬಗ್ಗೆ ಅಲ್ಲ. ಒಂದು ಜೀವಕ್ಕೆ 2 ಲಕ್ಷ ಡಾಲರ್ ಅನ್ನೋ ಅಂಕಿಯೂ ಆ ಇಲಾಖೆಯದ್ದೇ. ಕಂಪನಿಗೆ ಸರ್ಟಿಫಿಕೇಟ್ ಕೊಡ್ತಿಲ್ಲ, ಉದಾಹರಣೆ ಕೊಡುವಾಗ ಸರಿಯಾಗಿ ಕೊಡೋಣ ಅಷ್ಟೆ.

ಬೆಂಥಮ್ ಮೇಲೆ ಎಲ್ಲರಿಗೂ ಸಿಟ್ಟು. ಆದ್ರೆ ಆತನ 1789ರ ಪುಸ್ತಕ ತೆಗೆದು ನೋಡಿದ್ರೆ, ಸುಖ-ದುಃಖ ಅಳೆಯೋಕೆ ಏಳು ಅಂಶ ಹೇಳ್ತಾನೆ. ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಹೀಗೆ. ಕೊನೆಯದ್ದು ಎಷ್ಟು ಜನರಿಗೆ ತಟ್ಟುತ್ತೆ ಅನ್ನೋದು. ಅಳಿಯನ ಲೆಕ್ಕದಲ್ಲಿ ಆರು ಹುಡುಗರಿದ್ದಾರೆ, ಅವರ ಮುಖ ಕಾಣುತ್ತೆ. ವಾರಕ್ಕೆ 60 ಕಿಲೋ ಎಣ್ಣೆಯಲ್ಲಿ ಕರಿದ ವಡೆ ಎಷ್ಟು ಜನ ತಿಂತಾರೆ? ಅವರ ಕಾಲಂ ಖಾಲಿ ಇದೆ. ಮುಖ ಕಾಣಲ್ಲ ಅಂತ ಸೊನ್ನೆ ಬರೆದ್ರೆ ಅದು ಬೆಂಥಮ್ ಲೆಕ್ಕ ಅಲ್ಲ, ಆಡಿಟ್‌ನಲ್ಲಿ ನಾವು ಅದಕ್ಕೆ ಬೇರೆ ಹೆಸರು ಇಟ್ಟಿದ್ದೀವಿ.

ಈಗ ಅಸಲು ಮಾತು. 60 ಕಿಲೋಗೆ 15ರಂತೆ ವಾರಕ್ಕೆ 900 ರೂಪಾಯಿ ಹೆಚ್ಚು. ತಿಂಗಳಿಗೆ ಹತ್ತಿರ ಹತ್ತಿರ 3,900. ಆರು ಜನಕ್ಕೆ ತಲಾ 650. ಇಷ್ಟು ದೊಡ್ಡ ಧರ್ಮಸಂಕಟದ ಬೆಲೆ ತಿಂಗಳಿಗೆ 3,900 ರೂಪಾಯಿ ಕಣ್ರೀ. ಹುಡುಗರಿಗೆ ದುಡ್ಡು ಸಿಗಬೇಕು ಅನ್ನೋದೂ ಎಣ್ಣೆ ಯಾರಿಗೆ ಹೋಗಬೇಕು ಅನ್ನೋದೂ ಎರಡು ಬೇರೆ ಬೇರೆ ಪ್ರಶ್ನೆ. ಒಂದೇ ಬಾಟಲಿಯಲ್ಲಿ ಹಾಕಿಟ್ಟಿದ್ದರಿಂದ ಒಂದೇ ಥರ ಕಾಣ್ತಾ ಇವೆ.


ಮಡಗಾಂವ್_ಲ್ಯಾಬ್

ಆಹಾರ ಪರೀಕ್ಷೆಯ ಕೆಲಸದಲ್ಲಿದ್ದೇನೆ, ಒಂದೆರಡು ಮಾತು. ಎಣ್ಣೆ 180 ಡಿಗ್ರಿ ಸುಮಾರಿಗೆ ಕಾದಿರುವಾಗ ಹಿಟ್ಟಿನ ನೀರು ಅದಕ್ಕೆ ಬಿದ್ದರೆ ಕೊಬ್ಬು ಒಡೆದು ಆಮ್ಲ ಬಿಡುಗಡೆಯಾಗುತ್ತದೆ. ಗಾಳಿಯ ಆಮ್ಲಜನಕ ಸೇರಿ ಇನ್ನಷ್ಟು ಕೆಡುತ್ತದೆ. ಕೊನೆಗೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಎಣ್ಣೆ ದಪ್ಪಗಾಗುತ್ತದೆ. ವಡೆ ಬಿಟ್ಟಾಗ ನೊರೆ ಎದ್ದು ಇಳಿಯದೆ ನಿಂತರೆ, ಹೊಗೆ ಬೇಗ ಬಂದರೆ, ಅದೇ ಗುರುತು.

ಆದರೆ ಬಣ್ಣ ನಂಬಬೇಡಿ. ಅರಿಶಿನ, ಮೆಣಸಿನ ಪುಡಿ ಹಾಕಿದ ಹಿಟ್ಟು ಕರಿದರೆ ಎಣ್ಣೆ ಬೇಗ ಕೆಂಪಾಗುತ್ತದೆ, ಅಷ್ಟು ಕೆಟ್ಟಿರುವುದಿಲ್ಲ. ಬರೀ ಪೂರಿ ಕರಿದದ್ದು ತಿಳಿಯಾಗಿ ಕಂಡರೂ ಮಿತಿ ದಾಟಿರಬಹುದು. ಸ್ಕೂಟರಿನವನು ಬೆಳಕಿಗೆ ಹಿಡಿದು ನೋಡುವುದು ಆರೋಗ್ಯ ಪರೀಕ್ಷೆ ಅಲ್ಲ. ಹೊಸ ಎಣ್ಣೆಗೆ ಬೆರೆಸಿದರೆ ಗಿರಾಕಿಗೆ ಕಾಣುತ್ತದೋ ಇಲ್ಲವೋ ಅಂತ ನೋಡುವುದು. ಸಾಬೂನಿನವರು ಬಣ್ಣ ಕೇಳುವುದೇ ಇಲ್ಲ ಅಂತ ಹೇಳಲಾರೆ. ಆದರೆ ಮಾರುಕಟ್ಟೆಗಿಂತ ಹೆಚ್ಚು ಕೊಟ್ಟು, ಚೀಟಿ ಬೇಡ ಅನ್ನುವ ಸಾಬೂನಿನವರನ್ನು ನಾನು ನೋಡಿಲ್ಲ.


ಮಾಟುಂಗ_ಹಿರಿಯ

ತಮ್ಮಾ, ಎಲ್ಲವನ್ನೂ ಓದಿದೆ. ನಾನು ಕ್ಲೀನರ್ ಹುಡುಗನಾಗಿ ಈ ಊರಿಗೆ ಬಂದು, ಹಗಲು ಟೇಬಲ್ ಒರೆಸಿ, ಫೋರ್ಟ್ ಏರಿಯಾದ ರಾತ್ರಿ ಶಾಲೆಯಲ್ಲಿ ಕಲಿತವನು. ಆಗಲೂ ಸುಟ್ಟ ಎಣ್ಣೆ ಕೊಳ್ಳುವವರು ಬರುತ್ತಿದ್ದರು. ಬಯೋಡೀಸೆಲ್ ಇರಲಿಲ್ಲ, ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿನವರೆಲ್ಲ ಸತ್ಯವಂತರು ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ.

ನಮ್ಮ ಯಕ್ಷಗಾನದ ಮಂದಿಗೆ ಧರ್ಮವ್ಯಾಧನ ಕಥೆ ಗೊತ್ತಿರುತ್ತದೆ. ಮಿಥಿಲೆಯಲ್ಲಿ ಮಾಂಸ ಮಾರುವವ, ಅವನ ಅಂಗಡಿಯ ಎದುರು ನಿಂತು ಬ್ರಾಹ್ಮಣನೊಬ್ಬ ಧರ್ಮ ಕಲಿಯುತ್ತಾನೆ. ಯಾವ ಕಸುಬೂ ಕೀಳಲ್ಲ ಎಂದು ಹೇಳಲು ಎಲ್ಲರೂ ಅದನ್ನು ಎತ್ತುತ್ತಾರೆ. ವನಪರ್ವದಲ್ಲಿ ಅವನು ಹೇಳುವ ಇನ್ನೊಂದು ಮಾತು ಉಂಟು: ನಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ. ನಿನ್ನ ಮಾವನ ಮಾತಿಗೂ ಇದಕ್ಕೂ ಹತ್ತಿರ ಕಾಣುತ್ತದೆ, ಅಲ್ಲವೇ? ಆದರೆ ವ್ಯಾಧ ಅಲ್ಲಿಗೆ ಬಿಡುವುದಿಲ್ಲ. ಇದು ಘೋರವಾದ ಕೆಲಸವೇ ಹೌದು ಎಂದು ಅವನೇ ಒಪ್ಪುತ್ತಾನೆ. ಮಾಂಸ ಎಲ್ಲಿಂದ ಬಂತು, ಯಾರ ಮನೆಗೆ ಹೋಯಿತು, ಎಲ್ಲ ಕಣ್ಣೆದುರು ಇಟ್ಟುಕೊಂಡೇ ಕೂತಿದ್ದಾನೆ. ಸಾಬೂನಿಗೆ ಹೋಗುತ್ತದಂತೆ ಎಂದು ಹೇಳಿಕೊಂಡು ಕೂತಿಲ್ಲ.

ನಿನ್ನ ಮಾವ ಹುಡುಗರಿಗೆ ದುಡ್ಡು ಬಿಟ್ಟುಕೊಟ್ಟದ್ದು ದೊಡ್ಡ ಗುಣ. ಅದನ್ನು ಹೇಳಿಯೇ ಮಾತು ಶುರು ಮಾಡು.


ಮುಲುಂಡ್_ಅಮ್ಮ

ಹೋಟೆಲಿನವರನ್ನು ಕಟಕಟೆಯಲ್ಲಿ ನಿಲ್ಲಿಸಿ ಎಲ್ಲರೂ ಚೆನ್ನಾಗಿ ವಾದ ಮಾಡ್ತಿದ್ದೀರಿ. ನಮ್ಮ ಬಿಲ್ಡಿಂಗಿನಲ್ಲಿ ಹಬ್ಬದ ಮಾರನೇ ದಿನ ಏನು ನಡೆಯುತ್ತೆ ಗೊತ್ತಾ? ಚಕ್ಕುಲಿ, ಪೂರಿ ಕರಿದ ಎಣ್ಣೆ, "ನಮಗೆ ಕೊಲೆಸ್ಟ್ರಾಲ್, ಬೇಡ" ಅಂತ ಬಾಟಲಿಗೆ ಹಾಕಿ ಮನೆಕೆಲಸದ ಹೆಂಗಸಿಗೆ ಕೊಡೋದು. ಕೊಟ್ಟವರಿಗೆ ದಾನ ಮಾಡಿದ ಖುಷಿ. ನಮ್ಮ ಮಕ್ಕಳ ಹೊಟ್ಟೆಗೆ ಆಗದ್ದು ಅವಳ ಮಕ್ಕಳ ಹೊಟ್ಟೆಗೆ ಆಗುತ್ತೆ ಅಂತ ನಾವೇ ತೀರ್ಮಾನ ಮಾಡಿ ಆಗಿರುತ್ತೆ. ಚೀಟಿ ಅಂತೂ ಅಲ್ಲೂ ಇಲ್ಲ.

ಮಗಳು ಓದುವಾಗ ಜಾನ್ ರಾಲ್ಸ್ ಅಂತ ಒಬ್ಬ ತತ್ವಜ್ಞಾನಿ ಬಗ್ಗೆ ಹೇಳ್ತಿದ್ದಳು, 1971ರ ಪುಸ್ತಕ. ನೀನು ಯಾರಾಗಿ ಹುಟ್ಟುತ್ತೀ ಅಂತ ಗೊತ್ತಿಲ್ಲದ ಹಾಗೆ ಒಂದು ಪರದೆ ಹಿಂದೆ ಕೂತು ನಿಯಮ ಮಾಡು ಅಂತಾರಂತೆ. ಅಳಿಯ, ಪರದೆ ತೆಗೆದಾಗ ನೀನು ಗಲ್ಲೆಯಲ್ಲೂ ಇರಬಹುದು, ಬೆಳಿಗ್ಗೆ ರಸ್ತೆ ಚೌಕದಲ್ಲಿ ಕೂಲಿಗೆ ನಿಂತು ಮಧ್ಯಾಹ್ನ ಎರಡು ವಡಾಪಾವ್‌ನಲ್ಲೇ ಊಟ ಮುಗಿಸೋನೂ ಆಗಿರಬಹುದು. ಒಂದು ದಿನ ಚಪಲಕ್ಕೆ ತಿನ್ನೋರಿಗೂ ದಿನಾ ಅದೇ ಊಟ ಆಗಿರೋರಿಗೂ ಆ ಎಣ್ಣೆ ಒಂದೇ ಥರ ತಟ್ಟಲ್ಲ.


ಅಂಧೇರಿ_ಪರದೇಶಿ

ಸುಮ್ಮನೆ ಒಂದು ಕಂಪ್ಲೇಂಟ್ ಹಾಕಿ ಬಿಡಿ ಗುರೂ, ಹೆಸರು ಹೇಳದೆ. ಮಾವನಿಗೂ ಗೊತ್ತಾಗಲ್ಲ. ಗೊತ್ತಾಗಿ ಕೇಳಿದ್ರೆ "ನಾನಲ್ಲ" ಅಂದ್ರಾಯ್ತು. ಒಳ್ಳೇದಕ್ಕೆ ಹೇಳೋ ಸುಳ್ಳು ಸುಳ್ಳಲ್ಲ.


ಗೋಳಗುಮ್ಮಟ_ಪುಣೆ

ಕಂಪ್ಲೇಂಟ್ ಹಾಕಿದ್ರ ಬರಾಂವ ಸ್ಕೂಟರಿನಾಂವನ ಕಡೆ ಹೋಗಂಗಿಲ್ಲ, ಬೋರ್ಡ್ ಇದ್ದ ಹೋಟೆಲಿಗೆ ಬರ್ತಾನ. ಬಂದು ‘ಚಾಯ್‌ಪಾನಿ’ ಕೇಳ್ತಾನ. ಆಗ ಯಾವ ಸಿದ್ಧಾಂತ ತೆಗೀತೀರಿ?


ಥಾಣೆ_ಲೆಕ್ಕಿಗ

ಆಗ ಸಿದ್ಧಾಂತ ಬೇಡ, ಕಾಯಿದೆ ಸಾಕು. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರ ತಿದ್ದುಪಡಿ ಆದ್ಮೇಲೆ ಲಂಚ ಕೊಟ್ಟೋನೂ ಅಪರಾಧಿ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ರೆ ಏಳು ದಿನದೊಳಗೆ ಪೊಲೀಸ್ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ತಪ್ಪಿಲ್ಲ. ಎಷ್ಟು ಜನ ತಿಳಿಸ್ತಾರೆ ಅಂತ ಕೇಳಬೇಡಿ. ಇದನ್ನ ಇಲ್ಲಿಗೆ ಬಿಡೋಣ, ಬೇರೆ ಹಗರಣ ಅದು.


ಕಲೀನಾ_ಕನ್ನಡತಿ

ಪರದೇಶಿಯವರ ‘ಒಳ್ಳೇದಕ್ಕೆ ಹೇಳೋ ಸುಳ್ಳು’ ಬಗ್ಗೆ. ಕಾಂಟ್ 1797ರಲ್ಲಿ ಒಂದು ಸಣ್ಣ ಪ್ರಬಂಧ ಬರೆದ. ಕೊಲೆಗಾರ ಬಾಗಿಲು ತಟ್ಟಿ ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳು ಹೇಳಬಾರದು ಎಂದು ಹಠ ಹಿಡಿದ. ಅವನನ್ನು ಮೆಚ್ಚುವವರೂ ಅಲ್ಲಿ ತಡವರಿಸುತ್ತಾರೆ. ನಮ್ಮ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಸರಿಯಾಗಿ ಇದರ ಎದುರು ನಿಲ್ಲುತ್ತದೆ. ಸತ್ಯವನ್ನೇ ವ್ರತ ಮಾಡಿಕೊಂಡ ತಪಸ್ವಿ, ದರೋಡೆಕೋರರು ಕೇಳಿದಾಗ ಜನ ಕಾಡಿನಲ್ಲಿ ಅಡಗಿದ ಜಾಗ ತೋರಿಸಿಬಿಟ್ಟ. ಅವರೆಲ್ಲ ಸತ್ತರು, ಕೌಶಿಕ ನರಕಕ್ಕೆ ಹೋದ.

ಆದರೆ ಕೌಶಿಕನ ಕಥೆ ಇಲ್ಲಿ ಅನ್ವಯಿಸುವುದಿಲ್ಲ. ಮಾವ ದರೋಡೆಕೋರರಲ್ಲ. ಅವರಿಗೆ ಸುಳ್ಳು ಹೇಳದೆ ಬೇರೆ ದಾರಿಯೇ ಇಲ್ಲ ಎನ್ನುವ ಸ್ಥಿತಿ ಬಂದಿಲ್ಲ, ಮಾತೇ ಪೂರ್ತಿ ಆಗಿಲ್ಲ.

ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ಗಿಲಿಗನ್ 1982ರಲ್ಲಿ ಎತ್ತಿದ ತಕರಾರು ನನಗೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂತೆ ಕಾಣುತ್ತದೆ. ಕೋಲ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಮಕ್ಕಳ ಮುಂದೆ ಒಂದು ಸಮಸ್ಯೆ ಇಡುತ್ತಿದ್ದ: ಹೆಂಡತಿ ಸಾಯುತ್ತಿದ್ದಾಳೆ, ಔಷಧಿಯವನು ಬೆಲೆ ಇಳಿಸುವುದಿಲ್ಲ, ಗಂಡ ಕದಿಯಬೇಕೋ ಬೇಡವೋ. ಹನ್ನೊಂದು ವರ್ಷದ ಹುಡುಗ ಕದಿಯಬೇಕು ಎಂದು ಲೆಕ್ಕ ಹಾಕಿ ಉತ್ತರ ಕೊಟ್ಟ. ಅದೇ ವಯಸ್ಸಿನ ಹುಡುಗಿ ಕದಿಯುವುದೂ ಬೇಡ, ಹೆಂಡತಿ ಸಾಯುವುದೂ ಬೇಡ, ಸಾಲ ತರಬಹುದು, ಔಷಧಿಯವನ ಹತ್ತಿರ ಮತ್ತೆ ಮಾತಾಡಬಹುದು ಎಂದಳು. ಕೋಲ್‌ಬರ್ಗ್ ಅವರ ಅಳತೆಗೋಲಿನಲ್ಲಿ ಅವಳಿಗೆ ಅಂಕ ಕಡಿಮೆ. ಗಿಲಿಗನ್ ಕೇಳಿದ್ದು, ಪ್ರಶ್ನೆಯನ್ನೇ ಅವಳು ಬೇರೆ ರೀತಿ ಕೇಳಿಸಿಕೊಂಡಿದ್ದರೆ? ಥಾಣೆ ಸಾಹೇಬರು ಬಾಟಲಿಯಿಂದ ಎರಡು ಪ್ರಶ್ನೆ ಬೇರೆ ಮಾಡಿದ್ದು ಆ ಹುಡುಗಿಯ ದಾರಿಯೇ.

ಅಳಿಯ, ಸ್ಕೂಟರಿನವನ ಹತ್ತಿರ ನೀವು ಇಲ್ಲಿಯವರೆಗೆ ಚೀಟಿ ಕೇಳಿದ್ದೀರಾ? ಕೇಳಿ ಇಲ್ಲ ಎನ್ನಿಸಿಕೊಂಡದ್ದೋ, ಕೇಳಿಯೇ ಇಲ್ಲವೋ? ನಿಮ್ಮ ಮೊದಲ ಬರಹದಲ್ಲಿ "ಚೀಟಿ ಇಲ್ಲ" ಎಂದಷ್ಟೇ ಇದೆ.


ಗಲ್ಲಾದ_ಅಳಿಯ, ಭಾಂಡುಪ್

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳಿದರೆ ಎಂತ ಆಗ್ತದೆ ಅಂತ ಎಲ್ಲರಿಗೂ ಒಳಗೊಳಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ನಿನ್ನೆ ಬಂದ. ಮುಚ್ಚಳಕ್ಕೆ ಹೊಯ್ದು ನೋಡುತ್ತಿದ್ದಾಗ ನಾನು ಗಲ್ಲೆ ಬಿಟ್ಟು ಹಿತ್ತಿಲಿಗೆ ಹೋಗಿ ಹಿಂದಿಯಲ್ಲಿ ಹೇಳಿದೆ: ಇನ್ನು ಮೇಲೆ ತೂಕ, ತಾರೀಖು, ಯಾರಿಗೆ ಹೋಗುತ್ತದೆ ಅಂತ ಬರೆದು ಸಹಿ ಹಾಕಿ ಕೊಡಬೇಕು, ಲೆಕ್ಕಕ್ಕೆ ಬೇಕು. ಅವ ಕೋಪ ಮಾಡಿಕೊಳ್ಳಲಿಲ್ಲ. ಮುಚ್ಚಳದ ಎಣ್ಣೆಯನ್ನು ಒಂದು ಹನಿ ಚೆಲ್ಲದೆ ಡಬ್ಬಕ್ಕೆ ವಾಪಸ್ ಸುರಿದು, ಕೈ ಒರೆಸಿಕೊಂಡು, "ಚೀಟಿ ಬೇಕಿದ್ದರೆ ಡೀಸೆಲ್‌ನವರನ್ನೇ ಕರೆಯಿರಿ ಸೇಠ್" ಅಂತ ಹೇಳಿ ಸ್ಕೂಟರ್ ಹತ್ತಿದ. ಸಾಬೂನಿನ ಹೆಸರೂ ಎತ್ತಲಿಲ್ಲ.

ಮಾವ ಅಲ್ಲೇ ತರಕಾರಿ ಚೀಲ ಲೆಕ್ಕ ಮಾಡುತ್ತಾ ನಿಂತಿದ್ದರು. ಕೇಳಿಸಿದೆ. ಒಂದು ಶಬ್ದ ಇಲ್ಲ. ಭಟ್ರ ಮುಖ ಮಾತ್ರ ನೋಡುವ ಹಾಗಿರಲಿಲ್ಲ. ರಾತ್ರಿ ಶಟರ್ ಎಳೆಯುವಾಗ ಮಾವ ಕೇಳಿದರು, "ಹುಡುಗರಿಗೆ ಎಷ್ಟು ಕಮ್ಮಿ ಬೀಳ್ತದೆ?" ನಾನು ತಲಾ 650 ಅಂದೆ, ಥಾಣೆಯವರ ಲೆಕ್ಕ. "ದೀಪಾವಳಿವರೆಗೆ ಗಲ್ಲೆಯಿಂದ ಹಾಕು, ಮತ್ತೆ ನೋಡುವ" ಅಂದರು. ಸ್ವಲ್ಪ ದೂರ ಹೋಗಿ, "ಆ ಕಾಲೇಜಿಗೆ ಫೀಸ್ ಕೊಡುದು ನಾನೇ ಅಲ್ವಾ" ಅಂತಲೂ ಅಂದರು. ಅದು ಬೈದದ್ದೋ ಅಲ್ಲವೋ ಇನ್ನೂ ಗೊತ್ತಾಗಲಿಲ್ಲ.

ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಇವತ್ತು ಬೆಳಿಗ್ಗೆ ಹಾಲಿನ ಗಾಡಿಗೆ ಕಾಯುತ್ತಾ ನಿಂತಿದ್ದೆ. ಅದೇ ಸ್ಕೂಟರ್ ಹಿಂದಿನ ಗಲ್ಲಿಯ ಹೋಟೆಲಿನ ಹಿತ್ತಿಲಲ್ಲಿ ನಿಂತಿತ್ತು. ಅದೂ ನಮ್ಮೂರ ಕಡೆಯವರದ್ದೇ.


ಗೋಳಗುಮ್ಮಟ_ಪುಣೆ

ಹಂಗಾರ ಏನು ಉಪಯೋಗ ಆತ್ರೀ? ಗಾಡಿಗೆ ಹೋಗೂ ಎಣ್ಣಿ ಹೋಗೇ ಹೋಗ್ತದ. ನಿಮ್ಮ ಮಾವನ ಕಿಸೆದಾಗಿಂದ 3,900 ಹೋತು, ವಡಾಪಾವ್ ತಿನ್ನಾಂವಗ ಏನೂ ಫರಕ್ ಬೀಳ್ಲಿಲ್ಲ. ಲೆಕ್ಕದಾಗ ಸೊನ್ನಿ.


ಕಲೀನಾ_ಕನ್ನಡತಿ

ಇದು ಈ ಚರ್ಚೆಯಲ್ಲಿ ಬಂದ ಅತ್ಯಂತ ಗಟ್ಟಿ ಪ್ರಶ್ನೆ ಅಣ್ಣಾ, ತಮಾಷೆಗೆ ಹೇಳುತ್ತಿಲ್ಲ. ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಇದನ್ನೇ ಎತ್ತಿದ್ದ. ಜಾರ್ಜ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕೆಲಸವಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳು. ರಾಸಾಯನಿಕ ಅಸ್ತ್ರ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ. ಇವನು ಬೇಡ ಎಂದರೆ ಇನ್ನೊಬ್ಬ ಬರುತ್ತಾನೆ, ಇವನಿಗಿಂತ ಹುರುಪಿನಿಂದ ಅಸ್ತ್ರ ಮಾಡುತ್ತಾನೆ. ಲೆಕ್ಕ ಹಾಕಿದರೆ ಜಾರ್ಜ್ ಸೇರುವುದೇ ಒಳ್ಳೆಯದು. ವಿಲಿಯಮ್ಸ್ ಕೇಳುವುದು: ಲೋಕದಲ್ಲಿ ಏನು ನಡೆಯುತ್ತದೆ ಎನ್ನುವುದು ಒಂದೇ ಪ್ರಶ್ನೆಯೇ, ನನ್ನ ಕೈಯಿಂದ ಏನು ನಡೆಯುತ್ತದೆ ಎನ್ನುವುದಕ್ಕೆ ಬೆಲೆಯೇ ಇಲ್ಲವೇ?

ನನಗೆ ಬೆಲೆ ಇದೆ ಎನ್ನಿಸುತ್ತದೆ. ಆದರೆ ಕೈ ತೊಳೆದುಕೊಂಡು ಅಲ್ಲಿಗೇ ಕೂತರೆ ನಿಮ್ಮ ‘ಸೊನ್ನೆ’ಗೆ ನನ್ನಲ್ಲಿ ಉತ್ತರವಿಲ್ಲ, ಅದನ್ನೂ ಒಪ್ಪುತ್ತೇನೆ.


ಮುಲುಂಡ್_ಅಮ್ಮ

ನಾನು ನಮ್ಮ ಸೊಸೈಟಿಯ ಹೆಂಗಸರ ಗುಂಪಿನಲ್ಲಿ ಬಾಟಲಿ ಎಣ್ಣೆಯ ವಿಷಯ ಹಾಕಿದೆ. ಇಬ್ಬರು ಗುಂಪು ಬಿಟ್ಟು ಹೋದರು. ಒಬ್ಬಳು ಮಾತ್ರ, "ಹಾಗಾದ್ರೆ ಎಲ್ಲಿ ಚೆಲ್ಲೋದು, ಸಿಂಕಿಗಾ?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಳಿಯ, ನಿಮ್ಮ ಡೀಸೆಲ್‌ನವರು ಮನೆಗಳದ್ದನ್ನೂ ತಗೊಳ್ತಾರಾ? ನಮ್ಮಲ್ಲಿ 80 ಮನೆ ಇದೆ, ಒಂದು ಡಬ್ಬ ಇಟ್ಟರೆ ತುಂಬುತ್ತೆ.


ಗಲ್ಲಾದ_ಅಳಿಯ, ಭಾಂಡುಪ್

ಅಮ್ಮಾ, ಶನಿವಾರ ಬರುತ್ತಾರೆ, ಕೇಳಿ ಹೇಳುತ್ತೇನೆ. ಡಬ್ಬ ತುಂಬಿದರೆ ನಮ್ಮ ಹುಡುಗ ಬಂದು ಎತ್ತಿಕೊಂಡು ಬರಬಹುದು, ಮುಲುಂಡ್ ದೂರ ಅಲ್ಲ. ಆ ದುಡ್ಡೂ ಬಾಟಲಿಗೇ ಹಾಕುವ.

ಹಿರಿಯರೇ, ಹಿಂದಿನ ಗಲ್ಲಿಯವರ ವಿಷಯ ಎಂತ ಮಾಡುದು? ನಾನು ಹೋಗಿ ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಸಪ್ಲಾಯರ್ ಹುಡುಗನ ವಿಷಯದಲ್ಲಿ ಮಾವನಿಗೂ ಅವರಿಗೂ ಮಾತು ಬಿಟ್ಟಿದೆ.


ಮಾಟುಂಗ_ಹಿರಿಯ

ನೀನು ಹೋಗಬೇಡ. ಅವರ ದೊಡ್ಡಣ್ಣನೂ ನಾನೂ ಒಂದೇ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತವರು. ಭಾನುವಾರ ಮಧ್ಯಾಹ್ನ ಮೂರರ ನಂತರ ಅವರಿಗೆ ಪುರುಸೊತ್ತು, ನಾನು ಹೋಗುತ್ತೇನೆ. ಹೋಟೆಲಿನವರ ಸಭೆಯಲ್ಲಿ ಎತ್ತಿ ಮರ್ಯಾದೆ ತೆಗೆಯುವುದಕ್ಕಿಂತ ಮನೆಯಲ್ಲಿ ಕೂತು ಹೇಳಿದರೆ ಕೇಳಿಯಾರು. ಕೇಳದಿದ್ದರೆ ಸಭೆ ಇದ್ದೇ ಇದೆ. ನಿನ್ನ ಮಾವನನ್ನೂ ಕರೆದುಕೊಂಡು ಬಾ, ಮಾತು ಬಿಟ್ಟದ್ದಕ್ಕೂ ಒಂದು ದಾರಿ ಆಗಲಿ.

ಥಾಣೆಯವರೇ, ನೀವೂ ಬನ್ನಿ. 3,900ರ ಲೆಕ್ಕ ನನಗೆ ಅಷ್ಟು ಚೆನ್ನಾಗಿ ಹೇಳಲಿಕ್ಕೆ ಬರುವುದಿಲ್ಲ.


ಥಾಣೆ_ಲೆಕ್ಕಿಗ

ಬರ್ತೀನಿ. ಆದ್ರೆ ನಾನು ಇನ್‌ಕಂ ಟ್ಯಾಕ್ಸ್‌ನವನಲ್ಲ ಅಂತ ಬಾಗಿಲಲ್ಲೇ ಹೇಳಿಬಿಡಿ, ಆಮೇಲೆ ಒಳಗೆ ಕರೀರಿ.